ಬೆರಳ ಮೇಲಿನ ಮೈಸೂರು

ಮತ ಹಾಕಿದವರ ಎಡಗೈ ತೋರುಬೆರಳಿನ ಕಪ್ಪು ಗೆರೆಗೆ ತವರು ಮೈಸೂರು. ದೇಶದ ಚುನಾವಣೆಗಳಿಗೆ ಈ ಶಾಯಿ ಮಾಡಿಕೊಡುವುದು ರಾಜ್ಯ ಸರ್ಕಾರದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದಾಗ ಅದರ ಕಸುಬು ಅರಗು, ಬಣ್ಣ. ಅರಸರು ಕಟ್ಟಿದ ಕಾರ್ಖಾನೆ ಪ್ರಜೆಗಳ ಮತಕ್ಕೆ ಗುರುತು ಹಾಕುತ್ತಿರುವುದು ಚರಿತ್ರೆಯ ಸೊಗಸಾದ ತಮಾಷೆ!

1962ರ ಮಹಾಚುನಾವಣೆಯಿಂದ ಈ ಶಾಯಿಯ ಕಾರುಬಾರು.

ಶಾಯಿಯ ಪೂರ್ತಿ ಪಾಕ ಗುಟ್ಟು. ಜೀವಾಳ ಮಾತ್ರ ಸಿಲ್ವರ್ ನೈಟ್ರೇಟ್. ಹಚ್ಚಿದಾಗ ನೇರಳೆ. ಚರ್ಮದ ಉಪ್ಪಿನೊಂದಿಗೆ ಕೂಡಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ. ನೀರಿನಲ್ಲಿ ಕರಗುವುದಿಲ್ಲ, ಬಿಸಿಲು ತಗುಲಿದಷ್ಟೂ ಕಪ್ಪಾಗುತ್ತದೆ. ಸೋಪು, ಸೀಗೆಪುಡಿ ಯಾವುದಕ್ಕೂ ಜಗ್ಗದು. ಚರ್ಮದ ಹಳೆಯ ಪದರ ಉದುರಬೇಕು, ಉಗುರು ಬೆಳೆದು ಮುಂದೆ ಸರಿಯಬೇಕು. ಅಲ್ಲಿಯವರೆಗೆ ಎರಡನೇ ಮತದ ಆಸೆ ಬಿಡುವುದೇ ಲೇಸು. ಬೆಳಕಿಗೆ ಕೆಡುವ ಸರಕಾದ್ದರಿಂದ ಅದನ್ನು ತುಂಬುವುದೂ ಬೆಳಕು ತಡೆಯುವ ಗಾಢಬಣ್ಣದ ಬಾಟಲಿಗೆ.

ಹೊರದೇಶಗಳಿಗೂ ಈ ಶಾಯಿ ಹೋಗುತ್ತದೆ. ನಮ್ಮಲ್ಲಿ ಕಡ್ಡಿಯಿಂದ ಗೆರೆ ಎಳೆದರೆ, ಕಾಂಬೋಡಿಯಾದ ಮತದಾರರು ಬೆರಳನ್ನೇ ಅದ್ದುತ್ತಾರೆ. ನೋಟು ರದ್ದಾದ 2016ರ ನವೆಂಬರ್‌ನಲ್ಲಂತೂ ಮತಗಟ್ಟೆಯ ಶಾಯಿ ಬ್ಯಾಂಕಿಗೂ ಬಂತು. ಹಳೆ ನೋಟು ಬದಲಿಸಿಕೊಂಡವರ ಬೆರಳಿಗೂ ಬಿತ್ತು. ಈ ಸಲ ಬಲಗೈಗೆ.