ವ್ಯಸನವೆಂಬ ಮಾತು

ನಮ್ಮ ಯಗಟಿ ಕಡೆ ಸಾವಾದ ಮನೆಗೆ ಹೋದ ಹಿರಿಯರು, 'ಎಷ್ಟಂತ ವ್ಯಸನ ಮಾಡ್ತೀಯ, ಎರಡು ತುತ್ತು ಉಣ್ಣವ್ವ' ಎನ್ನುತ್ತಾರೆ. ಇಲ್ಲಿ ವ್ಯಸನವೆಂದರೆ ದುಃಖ. ಅದೇ ಮಾತು ಪುಸ್ತಕಕ್ಕೆ ಬಂದಾಗ ಕುಡಿತ, ಬೀಡಿ, ಇಸ್ಪೀಟುಗಳ ಚಟವಾಗುತ್ತದೆ. ಮಿದುಳಿನ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳನ್ನು ಓದುವಾಗಲೆಲ್ಲ, ಅವುಗಳಿಗಿಂತ ಈ ಒಂದು ಪದವೇ ಹೆಚ್ಚು ತಿಳಿದದ್ದು ಎನಿಸುತ್ತದೆ.

ಮನಸ್ಸಿನ ಕುರಿತ ಬರವಣಿಗೆಗೆ ನಮ್ಮಲ್ಲಿ ಬಡತನವಿಲ್ಲ. ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗದ ತಿಳಿವಳಿಕೆಯನ್ನು ಹಳ್ಳಿಯ ಓದುಗನಿಗೂ ಮುಟ್ಟಿಸಿದರು. ನನ್ನ ತಕರಾರು ಈಚಿನ ಅಂಕಣಗಳ ಬಗ್ಗೆ. ಡೋಪಮೈನ್ ಎಂದರೆ 'ಸಂತೋಷದ ರಾಸಾಯನಿಕ', ಖಿನ್ನತೆ ಎಂದರೆ 'ಸೆರೊಟೋನಿನ್ ಕೊರತೆ' ಎಂದು ಒಂದೇ ಸಾಲಿನಲ್ಲಿ ಅವು ಕೈತೊಳೆದುಕೊಳ್ಳುತ್ತವೆ.

ವಿಷಯ ಅಷ್ಟು ಸಲೀಸಲ್ಲ. 1954ರಲ್ಲಿ ಕೆನಡಾದಲ್ಲಿದ್ದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ತಂತಿ ಇಟ್ಟರು. ಒತ್ತಿದರೆ ವಿದ್ಯುತ್ ಹರಿಯುವ ಸನ್ನೆಯನ್ನು ಇಲಿ ಬಿಡದೆ ಒತ್ತಿತು. ಅಲ್ಲಿಗೆ 'ಸುಖದ ಕೇಂದ್ರ' ಸಿಕ್ಕಿತೆಂದರು. ಮುಂದೆ ಕೆಂಟ್ ಬೆರಿಡ್ಜ್ ತೋರಿಸಿದ್ದೇ ಬೇರೆ. ಡೋಪಮೈನ್ ಬರಿದಾದ ಇಲಿಯೂ ಬಾಯಿಗೆ ಬಿದ್ದ ಸಿಹಿಯನ್ನು ಚಪ್ಪರಿಸುತ್ತದೆ. ಅದನ್ನು ಹುಡುಕಿಕೊಂಡು ಮಾತ್ರ ಹೋಗುವುದಿಲ್ಲ. ಎಂದರೆ ಡೋಪಮೈನ್‌ಗೆ ಹತ್ತಿರವಾದದ್ದು ಸುಖವಲ್ಲ, ಹಂಬಲ. ಚಟ ಬಲಿತಂತೆ ಹಂಬಲ ಬೆಳೆಯುತ್ತದೆ, ಸುಖ ಸವೆಯುತ್ತದೆ. ಕುಡಿಯದ ಹೊತ್ತಿನಲ್ಲಿ ಕಳವಳ, ಮಂಕು ಕವಿಯುತ್ತದೆ. ಚಟವೂ ದುಃಖವೂ ಹೀಗೆ ಒಂದೇ ಹಟ್ಟಿಯಲ್ಲಿ ಕೂಡುತ್ತವೆ. ಇನ್ನು ಖಿನ್ನತೆಗೆ ಸೆರೊಟೋನಿನ್ ಕೊರತೆಯೊಂದೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲ. ಮಾತ್ರೆಗಳಿಂದ ಅನೇಕರು ಚೇತರಿಸಿಕೊಳ್ಳುವುದು ಮಾತ್ರ ನಿಜ.

ಒಂದು ಪದಕ್ಕೆ ಇಷ್ಟು ಜಗಳವೇಕೆ ಎಂದು ಕೇಳಬಹುದು. 'ಸಂತೋಷದ ರಾಸಾಯನಿಕ' ಎಂದು ಓದಿದ ಮನೆಯವರು, ಕುಡಿಯುವವನು ಮಜಾ ಮಾಡುತ್ತಿದ್ದಾನೆಂದೇ ನಂಬುತ್ತಾರೆ. ಮಜಾ ಮಾಡುವವನಿಗೆ ಬೈಗುಳ, ದೇವರ ಮುಂದೆ ಆಣೆ ಸಾಕಲ್ಲವೇ? ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ವರ್ಷಗಟ್ಟಲೆ ವಿಪರೀತ ಕುಡಿದವನು ವೈದ್ಯರ ನೆರವಿಲ್ಲದೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಹಾಗೆ ನೋಡಿದರೆ ಆ ಆಣೆಯೇ ಅವನಿಗೆ ಮುಳುವು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗಲೂ ಪ್ಯಾಕೆಟ್ ಹೋಯಿತೇ ಹೊರತು ಹಂಬಲ ಹೋಗಲಿಲ್ಲ. ಬೆಳಗಾಗುತ್ತಲೇ ನಡುಗುವ ಕೈಯಲ್ಲಿ ಅಂಗಡಿ ಬಾಗಿಲು ಕಾಯುವವನ ಮುಖದಲ್ಲಿ ಸಂತೋಷ ಕಂಡವರುಂಟೆ?

ಇದಕ್ಕಾಗಿ ಅಂಕಣಕಾರರು ಹೊಸ ಪದ ಟಂಕಿಸಬೇಕಿಲ್ಲ. ಹಂಬಲ ಎಂಬ ಮಾತು ನಮ್ಮ ಮನೆಯದೇ. ಡೋಪಮೈನ್ ಎಂದು ಬರೆದ ಕಡೆ ಅದನ್ನು ಪಕ್ಕದಲ್ಲಿಟ್ಟರೆ, ವ್ಯಸನದ ಎರಡನೆಯ ಅರ್ಥವನ್ನು ಓದುಗರೇ ಕಂಡುಕೊಳ್ಳುತ್ತಾರೆ.