‘ಶರಪಂಜರ’ ಮತ್ತು ಹಿಂದೂ ವಿವಾಹ ಕಾಯಿದೆ

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ‘ಶರಪಂಜರ’ವನ್ನು ನಮ್ಮಲ್ಲಿ ನೋಡದವರು ಕಡಿಮೆ. ಬಾಣಂತಿತನದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಅಷ್ಟರಲ್ಲಿ ಗಂಡ ಸತೀಶನಿಗೆ ಇನ್ನೊಬ್ಬಳ ಸಹವಾಸ. ಸುತ್ತಲಿನವರಿಗೆ ಇವಳು ಇನ್ನೂ ಹುಚ್ಚಿ. ಕೊನೆಗೆ ಮತ್ತೆ ಆಸ್ಪತ್ರೆಯೇ ಗತಿ. ಕಲ್ಪನಾ ಅವರ ಅಭಿನಯದ ಬಗ್ಗೆ ಎರಡು ಮಾತಿಲ್ಲ.

ಆದರೆ ಹೆರಿಗೆಯ ನಂತರದ ಈ ಕಾಯಿಲೆ ಚಿಕಿತ್ಸೆಯಿಂದ ಸಾಮಾನ್ಯವಾಗಿ ವಾಸಿಯಾಗುವಂಥದ್ದು. ಕಾನೂನಿಗೂ ಆ ವಿವೇಕವಿತ್ತು. 1955ರ ಹಿಂದೂ ವಿವಾಹ ಕಾಯಿದೆಯ 13ನೇ ಸೆಕ್ಷನ್ನಿನಂತೆ ಆಗ ಈ ಕಾರಣಕ್ಕೆ ವಿಚ್ಛೇದನ ಸಿಗಬೇಕಾದರೆ ಬುದ್ಧಿವಿಕಲತೆ ವಾಸಿಯಾಗದಂಥದ್ದಾಗಿ, ಸತತ ಮೂರು ವರ್ಷ ಇರಬೇಕಿತ್ತು. ಗುಣವಾದ ಕಾವೇರಿಯನ್ನು ಸತೀಶ ಹಾಗೆ ಬಿಡುವಂತಿರಲಿಲ್ಲ. ಬದಲಿಗೆ, ಅವನ ಪರಸ್ತ್ರೀ ಸಂಬಂಧಕ್ಕಾಗಿ ಅವಳೇ 10ನೇ ಸೆಕ್ಷನ್ನಿನಡಿ ಕೋರ್ಟಿನ ಮೂಲಕ ಬೇರೆಯಾಗಿರಲು, 25ರಡಿ ಜೀವನಾಂಶ ಪಡೆಯಲು ಅರ್ಜಿ ಹಾಕಬಹುದಿತ್ತು.

ಚಿತ್ರದ ಕೊರತೆ ಇಲ್ಲಿದೆ. ಆ ದಾರಿಯತ್ತ ತಿರುಗದೆ, ಅವಳ ಪಾಡನ್ನು ಹಣೆಬರಹವೆಂಬಂತೆ ತೋರಿಸಿ, ನಮ್ಮನ್ನು ಅಳಿಸಿ ಕಳುಹಿಸುತ್ತದೆ.

1976ರ ತಿದ್ದುಪಡಿ ಮೂರು ವರ್ಷದ ಷರತ್ತನ್ನು ತೆಗೆಯಿತು. ಆದರೂ ಕಾಯಿಲೆಯ ಹೆಸರೊಂದೇ ಸಾಲದು, ಅದರ ತೀವ್ರತೆಯನ್ನು ರುಜುವಾತುಪಡಿಸಬೇಕು ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಮಿಷಿಗನ್, ಇಲಿನಾಯ್‌ಗಳಲ್ಲಿ ವಿಚ್ಛೇದನಕ್ಕೆ ಯಾರನ್ನೂ ಹುಚ್ಚರೆಂದು ಸಾಧಿಸಬೇಕಿಲ್ಲ. ಆದರೆ ಮಗಳ ಡಿಪ್ರೆಶನ್ ಹೊರಗೆ ಗೊತ್ತಾದರೆ ಸಂಬಂಧ ಕೂಡಿಬರದೆಂದು ಮುಚ್ಚಿಡುವ ಮನೆಗಳು ಷಿಕಾಗೋ, ಡೆಟ್ರಾಯಿಟ್ ಕಡೆಯೂ ಇವೆ. ಮತ್ತೆ ಈ ಚಿತ್ರ ನೋಡಿದಾಗ, ಕಣ್ಣೊರೆಸಿಕೊಂಡ ಮೇಲೆ, ಮನೆಯವರೆಲ್ಲ ಕುಳಿತು ಇದನ್ನೂ ಮಾತನಾಡಿ.