ಮಿಲಾನ್ ಪ್ರಬಂಧದ ಎರಡು ಅಂಕಿಗಳು

ಯಕೃತ್ತಿನಲ್ಲಿಯೇ ಹುಟ್ಟುವ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಯ ಆಯುಸ್ಸು ಯಾವುದನ್ನು ಅವಲಂಬಿಸಿದೆ ಎಂಬ ಚರ್ಚೆಯಲ್ಲಿ, ವಿಂಚೆಂಜೊ ಮಾತ್ಸಫೆರೊ ಮತ್ತು ಸಂಗಡಿಗರು 1996ರ ಮಾರ್ಚಿನಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಪ್ರಮಾಣವೆಂದು ಎತ್ತಿಹೇಳುವುದುಂಟು. ಸಿರೋಸಿಸ್‌ನಿಂದ ಕೆಟ್ಟ ಯಕೃತ್ತಿನಲ್ಲಿ ಗಂತಿ ಬೆಳೆದ 48 ಮಂದಿಗೆ ಇಟಲಿಯ ಮಿಲಾನಿನಲ್ಲಿ ಯಕೃತ್ತಿನ ಕಸಿ ಮಾಡಿದ ವೃತ್ತಾಂತವದು. ಗಂತಿಯನ್ನಷ್ಟೇ ಕತ್ತರಿಸಿದರೆ, ಉಳಿದ ರೋಗಗ್ರಸ್ತ ಯಕೃತ್ತು ದೇಹದ ಕೆಲಸವನ್ನು ನಿರ್ವಹಿಸಲಾರದೆ ಹೋಗಬಹುದು. ಹೊಸ ಗಂತಿಗೆ ನೆಲೆಯೂ ಆಗಬಹುದು. ಅದಕ್ಕಾಗಿಯೇ ಕಸಿ.

ಒಂಟಿ ಗಂತಿ 5 ಸೆಂಟಿಮೀಟರನ್ನು ಮೀರಬಾರದು, ಹಲವಿದ್ದರೆ ಮೂರಕ್ಕೆ ಮಿಕ್ಕಬಾರದು, ಒಂದೊಂದೂ 3 ಸೆಂಟಿಮೀಟರನ್ನು ದಾಟಬಾರದು, ರಕ್ತನಾಳವನ್ನು ಹೊಕ್ಕಿರಬಾರದು. ಇದೇ ಮಿಲಾನ್ ಮಾನದಂಡ. ಇದರ ಉಪಕಾರ ದೊಡ್ಡದು. ಹಿಂದೆ ದೊಡ್ಡ ಗಂತಿಗಳಿಗೂ ಕಸಿ ಮಾಡಿ ಕೈಸುಟ್ಟುಕೊಂಡ ವೈದ್ಯರು ಆ ಮಾರ್ಗವನ್ನೇ ಬಹುಮಟ್ಟಿಗೆ ತೊರೆದಿದ್ದರು.

ಆದರೆ ಪ್ರಬಂಧವನ್ನು ಉದ್ಧರಿಸುವ ರೀತಿಯಲ್ಲಿ ದೋಷವಿದೆ. ನಾಲ್ಕು ವರ್ಷಗಳ ಕೊನೆಗೆ ಶೇಕಡ 85 ಮಂದಿ ಬದುಕಿದ್ದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು 48 ಮಂದಿಯ ಲೆಕ್ಕವಲ್ಲ. ಹೊರತೆಗೆದ ಯಕೃತ್ತನ್ನು ಪರೀಕ್ಷಿಸಿದ ಬಳಿಕ ಮಾನದಂಡಕ್ಕೆ ಒಳಪಟ್ಟವರೆಂದು ಗೊತ್ತಾದ 35 ಮಂದಿಯದು. ಮಿಕ್ಕ 13 ಮಂದಿಯಲ್ಲಿ ರೋಗ ಆ ಮಿತಿಯನ್ನು ದಾಟಿತ್ತು. ಅವರ ಉಳಿವು ಶೇಕಡ 50. ಶಸ್ತ್ರವೈದ್ಯರ ಮುಂದೆ ಕುಳಿತ ರೋಗಿಗೆ ತಾನು ಯಾವ ಗುಂಪಿನವನೆಂದು ತಿಳಿಯದು, ವೈದ್ಯರಿಗೂ ತಿಳಿಯದು. ಆತನಿಗೆ ಹೇಳತಕ್ಕ ಅಂಕಿ ಎಲ್ಲರನ್ನೂ ಒಳಗೊಂಡ 75. ಅಡವಿನ ನಿಜಬೆಲೆ ಹರಾಜಿನಲ್ಲಿ ಬಯಲಾದ ಮೇಲೆ, ಸಾಲ ಮಂಜೂರಾದ ದಿನವೇ ಅದು ತಿಳಿದಿತ್ತೆಂಬಂತೆ ಕಡತ ಬರೆಯುವವನನ್ನು ನಮ್ಮ ಲೆಕ್ಕಪರಿಶೋಧಕರು ಸುಮ್ಮನೆ ಬಿಡಲಾರರು.

ಆ 75 ಕೂಡ ಎಣಿಸಿದ್ದಲ್ಲ. ಸತ್ತವರು ಶೇಕಡ 17, ಎಂದರೆ ಎಂಟು ಮಂದಿ. ಎಲ್ಲರೂ ನಾಲ್ಕು ವರ್ಷ ಪೂರೈಸಿರಲಿಲ್ಲವಾಗಿ, ಜೀವವಿಮೆಯವರ ಪದ್ಧತಿಯಿಂದ ಕಟ್ಟಿದ ಅಂದಾಜು ಅದು. ಗಂತಿಗಳ ಸಂಖ್ಯೆಗೂ ರಕ್ತದಲ್ಲಿನ ಆಲ್ಫಾ ಫೀಟೋಪ್ರೋಟೀನಿಗೂ ಉಳಿವಿನೊಡನೆ ಗಣನೀಯ ಸಂಬಂಧ ಕಾಣಲಿಲ್ಲವೆಂದು ಪ್ರಬಂಧವು ನುಡಿಯುತ್ತದೆ. ಎಂಟು ಸಾವುಗಳಲ್ಲಿ ಕಾಣದ್ದನ್ನು ಇಲ್ಲವೇ ಇಲ್ಲವೆನ್ನಲಾದೀತೆ? 2012ರಲ್ಲಿ ಫ್ರಾನ್ಸಿನ ಸಂಶೋಧಕರು ಅದೇ ಪ್ರೋಟೀನನ್ನು ಗಣನೆಗೆ ತಂದು ಬೇರೊಂದು ಮಾನದಂಡವನ್ನು ರಚಿಸಿದರು.

ಮಾತ್ಸಫೆರೊ ಅವರೇ 2009ರಲ್ಲಿ 1,556 ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಅವರಲ್ಲಿ 1,112 ಮಂದಿ ಹಳೆಯ ಮಿತಿಯನ್ನು ಮೀರಿದವರು. ಅತಿದೊಡ್ಡ ಗಂತಿಯ ಸೆಂಟಿಮೀಟರುಗಳನ್ನೂ ಗಂತಿಗಳ ಸಂಖ್ಯೆಯನ್ನೂ ಕೂಡಿಸಿದ ಮೊತ್ತ 7ನ್ನು ಮೀರದೆ, ಅತಿಸಣ್ಣ ರಕ್ತನಾಳಗಳಿಗೆ ರೋಗ ಹೊಕ್ಕಿರದಿದ್ದರೆ, ಮಿತಿ ಮೀರಿದವರಲ್ಲಿಯೂ ಐದು ವರ್ಷಗಳ ಉಳಿವು ಶೇಕಡ 71ರಷ್ಟಿತ್ತು. ಉದಾರವಾದ ತಿದ್ದುಪಡಿ. ಆದರೆ ಆ ಸಣ್ಣ ನಾಳಗಳ ಸ್ಥಿತಿ ನಿಶ್ಚಿತವಾಗಿ ಗೊತ್ತಾಗುವುದು, ಯಕೃತ್ತನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ ಮೇಲೆಯೇ.